ಫೋಟೊ ಫೈಲಿನೊಳಗೆ ಕನ್ನಡ ಟಿಪ್ಪಣಿ ಉಳಿಯಬೇಕಾದರೆ

ಫೋಟೊದ ಜೆಪೆಗ್ ಫೈಲಿನೊಳಗೇ ಕನ್ನಡದಲ್ಲಿ ಟಿಪ್ಪಣಿ ಬರೆದಿಡಬಹುದೇ, ಹಾಗೆ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುವುದೇಕೆ ಎಂದು ಕೇಳಿದ್ದೀರಿ. ಖಂಡಿತ ಬರೆದಿಡಬಹುದು, ಆದರೆ ಅದು ಉಳಿಯುವುದು, ಅಳಿಯುವುದು ಫೈಲಿನ ಯಾವ ಭಾಗದಲ್ಲಿ ಬರೆದಿರಿ ಎಂಬುದನ್ನು ಅವಲಂಬಿಸಿದೆ.

ಕೋಲಾರ ಜಿಲ್ಲೆಯ ಕೆರೆ ಏರಿಗಳ ಮೇಲೆ, ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳ ಫೋಟೊಗಳನ್ನು ನಾನು ಹಲವು ವರ್ಷಗಳಿಂದ ತೆಗೆಯುತ್ತಿದ್ದೇನೆ. ಮುಳಬಾಗಿಲು ಕಡೆಯ ಒಂದು ಊರಿನಲ್ಲಿ ಹಿರಿಯರೊಬ್ಬರು ಒಂದು ಕಲ್ಲಿನ ವೀರನಿಗೆ ಊರವರು ಕರೆಯುವ ಹೆಸರನ್ನು ತಿಳಿಸಿದ್ದರು, ನಾನು ಅದನ್ನು ಆ ಫೋಟೊದ ಟಿಪ್ಪಣಿಯಲ್ಲಿ ಮಾತ್ರ ಬರೆದಿದ್ದೆ. ಮೂರು ವರ್ಷಗಳ ನಂತರ ತೆರೆದು ನೋಡಿದಾಗ ಅಲ್ಲಿದ್ದದ್ದು ಪ್ರಶ್ನಾರ್ಥಕ ಚಿಹ್ನೆಗಳ ಒಂದು ಸಾಲು.

ಕಾರಣ ಇಷ್ಟೇ. ಜೆಪೆಗ್‌ನಲ್ಲಿ ಟಿಪ್ಪಣಿಗೆಂದೇ ಇರುವ 'ಕಾಮೆಂಟ್' ಭಾಗ 65,533 ಬೈಟ್‌ಗಳವರೆಗೆ ಹಿಡಿಯುತ್ತದೆ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ, ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಮೂರು ಬೈಟ್ ಬೇಕು; ಸ್ವರಚಿಹ್ನೆಗಳೂ ಬೇರೆ ಸಂಕೇತಗಳೇ ಆದ್ದರಿಂದ 'ಕೋಲಾರ' ಎಂಬ ಮೂರಕ್ಷರದ ಪದದಲ್ಲಿ ಐದು ಸಂಕೇತಗಳಿದ್ದು 15 ಬೈಟ್ ಹಿಡಿದರೂ ಜಾಗದ ಕೊರತೆಯೇನೂ ಆಗುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ: ಆ ಬೈಟ್‌ಗಳನ್ನು ಯಾವ ಸಂಕೇತ ಪದ್ಧತಿಯಲ್ಲಿ ಓದಬೇಕೆಂದು ತಿಳಿಸುವ ಏರ್ಪಾಡು ಅಲ್ಲಿಲ್ಲ. ಕ್ಯಾಮೆರಾ ಫೋಟೊದೊಳಗೆ ಬರೆದಿಡುವ ಮಾಹಿತಿಯಾದ ಎಕ್ಸಿಫ್‌ನಲ್ಲಿ ವಿವರಣೆಗೆಂದಿರುವ 'ಇಮೇಜ್ ಡಿಸ್ಕ್ರಿಪ್ಷನ್' ಜಾಗವೂ ಮೂಲತಃ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇರುವ ಹಳೆಯ ಸಂಕೇತ ಪದ್ಧತಿಗಾಗಿಯೇ ಮಾಡಿದ್ದು. ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶಗಳು ತಮಗೆ ಗೊತ್ತಿಲ್ಲದ ಪ್ರತಿ ಅಕ್ಷರದ ಬದಲಿಗೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಬರೆದು ಉಳಿಸಿಬಿಡುತ್ತವೆ, ಹಾಗಾದ ಮೇಲೆ ಮೂಲ ಪಠ್ಯ ಮರಳಿ ಬಾರದು. ಚಿಹ್ನೆಗಳ ಬದಲು ಗೆರೆ ಹೊತ್ತ ಲ್ಯಾಟಿನ್ 'ಎ' (à) ಅಕ್ಷರ ಮತ್ತೆ ಮತ್ತೆ ಕಾಣುತ್ತಿದ್ದರೆ ನಿರಾಶರಾಗಬೇಡಿ. ಅಲ್ಲಿ ಬೈಟ್‌ಗಳು ಬಹುಮಟ್ಟಿಗೆ ಹಾಗೆಯೇ ಇರುತ್ತವೆ, ಯುಟಿಎಫ್-8 ಎಂದು ಓದಿಸಿದರೆ ಕನ್ನಡ ಮರಳುತ್ತದೆ.

ಆದ್ದರಿಂದ ನಾನು ಈಗ ಬರೆಯುವುದು ಎಕ್ಸ್‌ಎಂಪಿಯ 'ಡಿಸ್ಕ್ರಿಪ್ಷನ್' ಜಾಗದಲ್ಲಿ. ಫೈಲಿನ ಬಗೆಗಿನ ಮಾಹಿತಿಯನ್ನು ಫೈಲಿನೊಳಗೇ ಬರೆದಿಡಲು ಅಡೋಬಿ ಕಂಪನಿ 2001ರಲ್ಲಿ ತಂದ ಈ ಪದ್ಧತಿ ಜೆಪೆಗ್‌ನೊಳಗೆ ಯುಟಿಎಫ್-8ರಲ್ಲೇ ಇರುತ್ತದೆ. ಜೆಪೆಗ್ ಬದಲು ಪಿಎನ್‌ಜಿ ಎಂಬ ಇನ್ನೊಂದು ಬಗೆಯ ಚಿತ್ರದ ಫೈಲಾದರೆ ಲ್ಯಾಟಿನ್‌ಗೆ ಸೀಮಿತವಾದ 'ಟೆಕ್ಸ್ಟ್' ಭಾಗವನ್ನು ಬಿಟ್ಟು 'ಐಟಿಎಕ್ಸ್‌ಟಿ' ಭಾಗವನ್ನು ಬಳಸಿ. ಬರೆಯಲು ಫಿಲ್ ಹಾರ್ವೆಯವರ ಉಚಿತ ತಂತ್ರಾಂಶ ಎಕ್ಸಿಫ್‌ಟೂಲ್ ಸಾಕು. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ನೇರವಾಗಿ ಕನ್ನಡ ಟೈಪಿಸುವ ಬದಲು ಟಿಪ್ಪಣಿಯನ್ನು ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಆಗಿ ಉಳಿಸಿ, ಆ ಫೈಲಿನಿಂದ ಓದಿಕೊಳ್ಳುವಂತೆ ಎಕ್ಸಿಫ್‌ಟೂಲ್‌ಗೆ ಹೇಳಿ. ಚಿತ್ರದ ಗುಣಮಟ್ಟ ಕೆಡುವುದಿಲ್ಲ, ಮೂಲ ಫೈಲಿನ ಒಂದು ನಕಲನ್ನೂ ಅದು ತಾನಾಗಿಯೇ ಪಕ್ಕದಲ್ಲಿ ಇಟ್ಟಿರುತ್ತದೆ.

ಇನ್ನೊಬ್ಬರಿಗೆ ಕಳಿಸುವಾಗ ಮಾತ್ರ ಎಚ್ಚರವಿರಲಿ: ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಟಿಪ್ಪಣಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ.