ಪ್ರತಿಕ್ರಿಯೆ: ತಿಪಟೂರಿನಲ್ಲಿ ಗಾಣದ ಕೊಬ್ಬರಿ ಎಣ್ಣೆ

ತಿಪಟೂರಿನಲ್ಲಿ ಗಾಣ ಹಾಕಿ ಕೊಬ್ಬರಿ ಎಣ್ಣೆ ಮಾರಿದರೆ ಪ್ಯಾರಾಶೂಟ್‌ನಂಥ ದೊಡ್ಡವರ ಮುಂದೆ ಉಳಿಯಬಹುದೇ ಅಂತ ಕೇಳಿದ್ದೀರಿ. ನಿಮ್ಮ ಮೊದಲ ಪೈಪೋಟಿ ಅವರ ಜೊತೆ ಅಲ್ಲವೇ ಅಲ್ಲ. ಎಪಿಎಂಸಿ ಹರಾಜಿನಲ್ಲಿ ಉಂಡೆ ಕೊಬ್ಬರಿ ಹಿಡಿದು ಉತ್ತರ ಭಾರತಕ್ಕೆ ಕಳಿಸುವ ವರ್ತಕರ ಜೊತೆ.

ನಮ್ಮ ಕಡೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ಉಂಡೆಯಾಗುತ್ತದೆ. ಅದು ತಿನ್ನೋ ಕೊಬ್ಬರಿ, ದರವೂ ಅದಕ್ಕೆ ತಕ್ಕಂತೆ. 2025ರ ಬೆಂಬಲ ಬೆಲೆಯನ್ನೇ ನೋಡಿ: ಕ್ವಿಂಟಲ್‌ಗೆ ಎಣ್ಣೆ ಕೊಬ್ಬರಿಗೆ 11,582 ರೂ., ಉಂಡೆಗೆ 12,100 ರೂ. ನೂರು ಕೆಜಿ ಕೊಬ್ಬರಿಗೆ 60 ಕೆಜಿ ಆಸುಪಾಸು ಎಣ್ಣೆ ಅಂತಿಟ್ಟುಕೊಂಡರೆ, ಕೊಬ್ಬರಿ ಕೆಜಿಗೆ 10 ರೂ. ಏರಿದಾಗ ಒಂದು ಕೆಜಿ ಎಣ್ಣೆಗೆ ಬೀಳುವ ಹೊರೆ 16-17 ರೂ. ಹಿಂಡಿ ಮಾರಿದ್ದು ಸ್ವಲ್ಪ ಕೈಹಿಡಿಯುತ್ತದೆ, ಅಷ್ಟೇ. ರೈತನಿಗೋ ಎಳನೀರಾಗಿಯೇ ಕೀಳಿಸಿಬಿಡುವ ದಾರಿಯೂ ಇದೆ. ಚೌಕಾಸಿ ಮಾಡುವ ತಾಕತ್ತು ಅವನದು.

ಒಂದು ಉದ್ಯಮದಲ್ಲಿ ಪೈಪೋಟಿ ಎಷ್ಟು, ಲಾಭ ಎಷ್ಟು ಅನ್ನೋದನ್ನು ತೀರ್ಮಾನಿಸುವ ಐದು ಶಕ್ತಿಗಳಿವೆ ಅಂತ ಮ್ಯಾನೇಜ್‌ಮೆಂಟ್ ಪಂಡಿತ ಮೈಕೆಲ್ ಪೋರ್ಟರ್ 1979ರಲ್ಲಿ ಹೇಳಿದರು; ಅವುಗಳಲ್ಲಿ ಇದು ಪೂರೈಕೆದಾರರ ಬಲ, ಅಂದರೆ ಕಚ್ಚಾಮಾಲು ಕೊಡುವವರ ಬಲ. ಎಲ್ಲರೂ ಮರೆಯುವುದು ಇದನ್ನೇ.

ಇನ್ನು ಗಾಣ ಹಾಕೋದು ಸುಲಭ ಅಂದಿರಿ. ಪಕ್ಕದ ಬೀದಿಯವರಿಗೂ ಅಷ್ಟೇ ಸುಲಭ! ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯ ಶೇ. 35ರ ಸಹಾಯಧನ ನಿಮ್ಮೊಬ್ಬರಿಗೇ ಮೀಸಲಲ್ಲವಲ್ಲ.

ಗಿರಾಕಿ ವಿಷಯ: ತುಮಕೂರು ಕಡೆ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಇಲ್ಲಾ ಸೂರ್ಯಕಾಂತಿ, ಕೊಬ್ಬರಿ ಎಣ್ಣೆ ತಲೆಗೆ. ಅಡುಗೆಗೇ ಬಳಸುವ ಮಂಗಳೂರು, ಉಡುಪಿ ಕಡೆಯವರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನು ಹಿಡಿಯಿರಿ. ಯಂತ್ರಕ್ಕೆ ಅಡ್ವಾನ್ಸ್ ಕೊಡೋ ಮೊದಲು ಉಂಡೆ ವರ್ತಕರಿಗೆ ಬೇಡದ, ಎಣ್ಣೆಗೆ ಸಾಕಾಗುವ ಒಡೆದ, ಎರಡನೇ ದರ್ಜೆ ಕೊಬ್ಬರಿ ವರ್ಷವಿಡೀ ಯಾರು ಕೊಡುತ್ತಾರೆ ಅಂತ ಮಾತಾಡಿಕೊಳ್ಳಿ.