ಕೆಟಮಿನ್ ಡ್ರಿಪ್‌ನ ಮರುದಿನ

ಖಿನ್ನತೆಗೆ ಕೆಟಮಿನ್ ಎಂಬ ಔಷಧದ ಚಿಕಿತ್ಸೆ ನಡೆಯುತ್ತಿರುವಾಗ, ಅದರ ಜೊತೆಗಿನ ಮಾತಿನ ಚಿಕಿತ್ಸೆಗೆಂದು ನನ್ನ ಬಳಿ ಬರುವವರಲ್ಲಿ ಹಲವರು ಒಂದೇ ನಿರಾಶೆಯನ್ನು ಹೊತ್ತು ತರುತ್ತಾರೆ. ಡ್ರಿಪ್ ಹಾಕಿಸಿಕೊಂಡಾಗ ದರ್ಶನದಂಥದ್ದೇನೂ ಕಾಣಲಿಲ್ಲ, ಹಾಗಾಗಿ ಈ ಔಷಧ ತಮಗೆ ಹಿಡಿಯುವುದಿಲ್ಲ ಎನ್ನುತ್ತಾರೆ. ಅದರ ಬೆನ್ನಿಗೇ ಡೋಸ್ ಹೆಚ್ಚಿಸಲು ವೈದ್ಯರಿಗೆ ಹೇಳಿ ಎಂಬ ಕೋರಿಕೆಯೂ ಬರುತ್ತದೆ. ಹಾಗೆ ಬಂದ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ವೃತ್ತಿಗಳನ್ನು ಬದಲಿಸಿದ್ದೇನೆ.

ಲೋಕೇಶ್ ಅವರಿಗೆ ನಲವತ್ತರ ಆಸುಪಾಸು. ಬೆಂಗಳೂರಿನಲ್ಲಿ ಇಟ್ಟಿದ್ದ ಸಣ್ಣ ಪ್ರಿಂಟಿಂಗ್ ಪ್ರೆಸ್, ಊರಿನ ಅಣ್ಣ ಕೊಟ್ಟ ಹಣದ ಸಮೇತ ಮುಳುಗಿತ್ತು. ಖಿನ್ನತೆಗೆ ಎರಡು ಬಗೆಯ ಮಾತ್ರೆಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ವಾರ ನುಂಗಿದರೂ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಮನೋವೈದ್ಯರು ಇಸಿಟಿ (ಅರಿವಳಿಕೆ ಕೊಟ್ಟು ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಮತ್ತು ಕೆಟಮಿನ್ ಎರಡನ್ನೂ ವಿವರಿಸಿದರು. ಇವರು ಎರಡನೆಯದನ್ನು ಆರಿಸಿಕೊಂಡರು. ವಾರಕ್ಕೆ ಎರಡರಂತೆ ಆರು ಡ್ರಿಪ್, ಪ್ರತಿಯೊಂದರ ಮರುದಿನ ನನ್ನೊಂದಿಗೆ ಒಂದು ಗಂಟೆಯ ಮಾತು ಎಂದು ಮೂವರೂ ಕೂತು ಗೊತ್ತುಮಾಡಿದೆವು.

ಕೆಟಮಿನ್ ಹೊಸ ಔಷಧವಲ್ಲ. 1962ರಲ್ಲಿ ಮೊದಲು ತಯಾರಾದ ಇದಕ್ಕೆ ಅರಿವಳಿಕೆ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಖಿನ್ನತೆಗೂ ಇದು ಕೆಲಸ ಮಾಡಬಹುದೆಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಬೆರಳೆಣಿಕೆಯ ರೋಗಿಗಳಲ್ಲಿ ಕಂಡು ಪ್ರಕಟಿಸಿದ್ದು 2000ದಲ್ಲಿ. ದೇಹತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಂನಂತೆ 40 ನಿಮಿಷಗಳ ಕಾಲ ರಕ್ತನಾಳದ ಮೂಲಕ ಕೊಡುವುದು ಅಂದಿನಿಂದ ರೂಢಿಯಾದ ಕ್ರಮ. ಮಾತ್ರೆಗಳು ವಾರಗಟ್ಟಲೆ ಕಾಯಿಸಿದರೆ ಇದು ಕೆಲವೇ ಗಂಟೆಗಳಲ್ಲಿ ಹಗುರ ಮಾಡಬಲ್ಲದು. ಆದರೆ ಒಂದು ಡ್ರಿಪ್ಪಿನ ಗುಣ ಬಹುತೇಕರಲ್ಲಿ ಕೆಲವು ದಿನಗಳಲ್ಲೇ ಇಳಿಯತೊಡಗುತ್ತದೆ. ಆ ಕೆಲವು ದಿನಗಳನ್ನು ಹೇಗೆ ಬಳಸಿಕೊಳ್ಳುತ್ತೇವೆ ಎಂಬುದರಲ್ಲೇ ನನ್ನ ಕೆಲಸವಿದೆ.

ಮೂರನೆಯ ಡ್ರಿಪ್ ಆದ ಮರುದಿನ ಸಂಜೆ ಲೋಕೇಶ್ ಬಂದು ಕುಳಿತವರೇ, ‘ಮೇಡಂ, ಈ ಸಲವೂ ಏನೂ ಇಲ್ಲ. ಚಾವಣಿ ಸ್ವಲ್ಪ ದೂರ ಹೋದ ಹಾಗಾಯಿತು, ಕೈಕಾಲು ನನ್ನದಲ್ಲ ಅನ್ನಿಸಿತು, ಅಷ್ಟೇ’ ಎಂದರು. ವಿಡಿಯೋಗಳಲ್ಲಿ ಜನ ಬೆಳಕು ಕಂಡೆವು, ತೀರಿಕೊಂಡವರ ಜೊತೆ ಮಾತಾಡಿದೆವು, ಹೊಸದಾಗಿ ಹುಟ್ಟಿಬಂದೆವು ಎನ್ನುವುದನ್ನು ಅವರು ನೋಡಿದ್ದರು. ಪರಿಚಯದವರೊಬ್ಬರು ಕೆಟಮಿನ್ ಪುಡಿಯನ್ನೇ ತರಿಸಿಕೊಡುತ್ತೇನೆ, ಮನೆಯಲ್ಲೇ ತೆಗೆದುಕೊಳ್ಳಬಹುದು ಎಂದಿದ್ದರಂತೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೊದಲ ಎರಡು ಸಲ ನಾನೇ ‘ಏನು ಕಂಡಿತು, ಏನು ಕೇಳಿಸಿತು’ ಎಂದು ಕೇಳಿದ್ದೆ. ಉತ್ತರವಿಲ್ಲದೆ ಅವರು ತಲೆತಗ್ಗಿಸಿದ್ದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ: ಎಲ್ಲದರಲ್ಲೂ ಸೋತೆನೆಂದು ನಂಬಿಕೊಂಡಿದ್ದ ಮನುಷ್ಯನ ಮುಂದೆ, ಸೋಲಲು ಇನ್ನೊಂದು ಪರೀಕ್ಷೆಯನ್ನು ನಾನೇ ಇಟ್ಟಿದ್ದೆ. ಆ ಸಂಜೆ ಪ್ರಶ್ನೆ ಬದಲಿಸಿದೆ. ‘ಡ್ರಿಪ್ಪಿನ ಮಾತು ಬಿಡೋಣ. ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ’ ಎಂದೆ.

ಹಲ್ಲುಜ್ಜಿದ್ದು, ಹಾಲು ತಂದದ್ದು ಎಲ್ಲ ಹೇಳಿ, ನಡುವೆ ಸಹಜವಾಗಿ ‘ಅಮ್ಮನ ಫೋನ್ ಬಂತು, ಮಾತಾಡಿದೆ’ ಎಂದರು. ಎಂಟು ತಿಂಗಳಿಂದ ಅವರು ತಾಯಿಯ ಕರೆಯನ್ನು ಎತ್ತಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ಅಮ್ಮ ಏನಂದರು ಎಂದು ಕೇಳಿದೆ. ‘ತಿಂಡಿ ಆಯ್ತೇನಪ್ಪಾ ಅಂದರು. ಆಯ್ತಮ್ಮ ಅಂದೆ.’ ಅದಕ್ಕೆ ಮುಂಚೆ ಆ ಫೋನನ್ನು ಯಾಕೆ ಎತ್ತಲಾಗುತ್ತಿರಲಿಲ್ಲ ಎಂದಾಗ ಬಹಳ ಹೊತ್ತು ಸುಮ್ಮನಿದ್ದು ಹೀಗೆ ಹೇಳಿದರು: ‘ಅದು ರಿಂಗಾದರೆ ಅಣ್ಣನ ದುಡ್ಡು ಏನು ಮಾಡಿದೆ ಅಂತಲೇ ಕೇಳಿಸುತ್ತಿತ್ತು ಮೇಡಂ. ಇವತ್ತು ಬರೀ ಫೋನ್ ರಿಂಗಾಯಿತು.’

ಆ ಮಾತನ್ನು ಅವರ ಕೈಯಿಂದಲೇ ಬರೆಸಿದೆ. ಔಷಧ ಅವರಿಗೆ ದರ್ಶನ ಕೊಡಲಿಲ್ಲ ನಿಜ. ಫೋನಿನ ಸದ್ದಿಗೂ ಅಪರಾಧಪ್ರಜ್ಞೆಗೂ ಬಿದ್ದಿದ್ದ ಗಂಟನ್ನು ಒಂದು ಬೆಳಗಿನ ಮಟ್ಟಿಗೆ ಸಡಿಲಿಸಿತು. ಸಡಿಲವಾಗಿರುವಾಗಲೇ ಅದನ್ನು ಬಿಚ್ಚುವ ಅಭ್ಯಾಸವಾಗಬೇಕು, ಇಲ್ಲವಾದರೆ ವಾರದೊಳಗೆ ಮತ್ತೆ ಬಿಗಿಯುತ್ತದೆ. ಅದಕ್ಕೇ ನಾನು ಕೊಟ್ಟ ಸಲಹೆ ತೀರಾ ಸಣ್ಣದಾಗಿತ್ತು. ಮುಂದಿನ ಡ್ರಿಪ್‌ವರೆಗೆ ದಿನಕ್ಕೊಮ್ಮೆ ಅಮ್ಮನಿಗೆ ತಾವೇ ಕರೆಮಾಡಬೇಕು, ಎರಡು ನಿಮಿಷವಾದರೂ ಸಾಕು. ಹಣದ ಮಾತನ್ನು ಸದ್ಯಕ್ಕೆ ಎತ್ತುವುದು ಬೇಡ. ಮನಸ್ಸು ಹಗುರಾಗಿದೆಯೆಂದು ಈ ಮೂರು ವಾರಗಳಲ್ಲಿ ಹೊಸ ಸಾಲ, ಹೊಸ ವ್ಯಾಪಾರದಂಥ ದೊಡ್ಡ ನಿರ್ಧಾರ ಬೇಡ.

ಪುಡಿಯ ವಿಷಯದಲ್ಲಿ ಮಾತ್ರ ನಾನು ಮೃದುವಾಗಿರಲಿಲ್ಲ. ಕೆಟಮಿನ್ ರಕ್ತದೊತ್ತಡವನ್ನು ಏರಿಸುತ್ತದೆ, ಪ್ರಜ್ಞೆಯನ್ನು ಮಸುಕುಮಾಡುತ್ತದೆ, ಪದೇ ಪದೇ ಬಳಸಿದರೆ ಚಟವಾಗಬಹುದು, ಮೂತ್ರಕೋಶವನ್ನು ಹಾಳುಮಾಡಬಹುದು. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ, ಕೆಟಮಿನ್ನಿನದೇ ಒಂದು ರೂಪವಾದ ಎಸ್‌ಕೆಟಮಿನ್ ಎಂಬ ಮೂಗಿನ ಸ್ಪ್ರೇಯನ್ನು ಸಹ ರೋಗಿಯ ಕೈಗೆ ಕೊಟ್ಟು ಮನೆಗೆ ಕಳಿಸುವುದಿಲ್ಲ. ಚಿಕಿತ್ಸಾಲಯದಲ್ಲೇ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ನಿಗಾದಲ್ಲಿರಬೇಕು. 2023ರ ಅಕ್ಟೋಬರಿನಲ್ಲಿ ನಟ ಮ್ಯಾಥ್ಯೂ ಪೆರಿ ತಮ್ಮ ಮನೆಯಲ್ಲಿ ತೀರಿಕೊಂಡಾಗ ಕೆಟಮಿನ್ನಿನ ತೀವ್ರ ಪರಿಣಾಮವೇ ಮುಖ್ಯ ಕಾರಣವೆಂದು ಶವಪರೀಕ್ಷೆಯ ವರದಿ ಹೇಳಿತು. ಅವರು ವೈದ್ಯರಲ್ಲಿ ಖಿನ್ನತೆಗೆ ಕೆಟಮಿನ್ ಪಡೆಯುತ್ತಿದ್ದರು ನಿಜ, ಆದರೆ ಅಲ್ಲಿನ ಕೊನೆಯ ಡ್ರಿಪ್ ಆಗಿ ಅದಾಗಲೇ ವಾರ ಕಳೆದಿತ್ತು, ಹಾಗಾಗಿ ದೇಹದಲ್ಲಿ ಸಿಕ್ಕ ಕೆಟಮಿನ್ ಆ ಡ್ರಿಪ್ಪಿನದಾಗಿರಲಿಲ್ಲ. ಪುಡಿಯ ಮಾತು ಬಂದದ್ದನ್ನು ಮನೋವೈದ್ಯರಿಗೆ ತಿಳಿಸಲು ಲೋಕೇಶ್ ಅವರ ಒಪ್ಪಿಗೆ ಕೇಳಿದೆ. ಅವರೇ ನನ್ನೆದುರು ಕರೆಮಾಡಿ ಹೇಳಿದರು.

ಇಂಥ ಪ್ರಕರಣಗಳಲ್ಲಿ ನನಗೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಔಷಧವೇ ಕೆಲಸ ಮಾಡುವಾಗ ಮಾತಿನ ಗಂಟೆಗೆ ಯಾಕೆ ದುಡ್ಡು ಎಂದು ಮನೆಯವರು ಕೇಳುತ್ತಾರೆ. ವೈದ್ಯಳಲ್ಲದ ನೀವು ಮತ್ತಿನ ಔಷಧಕ್ಕೆ ಯಾಕೆ ಜೊತೆ ನಿಲ್ಲುತ್ತೀರಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಸಂಶೋಧನೆಗಳ ಬಹುಪಾಲು ಔಷಧವನ್ನಷ್ಟೇ ಪರೀಕ್ಷಿಸಿವೆ, ಮಾತು ಸೇರಿದರೆ ಲಾಭ ಎಷ್ಟು ಹೆಚ್ಚೆಂಬುದಕ್ಕೆ ಪುರಾವೆ ಇನ್ನೂ ತೆಳುವಾಗಿದೆ ಎಂಬುದನ್ನು ನಾನು ಮೊದಲ ದಿನವೇ ಹೇಳುತ್ತೇನೆ. ಔಷಧ ಬೇಕೇ, ಎಷ್ಟು ಬೇಕು ಎಂಬ ತೀರ್ಮಾನ ನನ್ನದಲ್ಲ. ಆದರೆ ಆ ಸಂಜೆ ಯಾರೂ ಕೇಳದಿದ್ದರೆ ಲೋಕೇಶ್ ಆ ಫೋನ್ ಕರೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಚಿಕಿತ್ಸೆ ವ್ಯರ್ಥವಾಯಿತೆಂದು ಪುಡಿಯ ಹಿಂದೆ ಹೋಗುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆರು ಡ್ರಿಪ್ ಮುಗಿದು ಐದನೆಯ ವಾರಕ್ಕೆ ಭಾರ ಮರಳಿತು. ಅಂಥ ರಾತ್ರಿಗಳಲ್ಲಿ ಸಾಯುವ ಯೋಚನೆ ಬಂದರೆ ಕಾಯದೆ ವೈದ್ಯರಿಗೆ, ಇಲ್ಲವೇ ಕನ್ನಡದಲ್ಲೂ ಉತ್ತರಿಸುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಬೇಕೆಂದು ಮೊದಲೇ ಬರೆದುಕೊಟ್ಟಿದ್ದೆ, ಒಮ್ಮೆ ಮಾಡಿದರು. ವೈದ್ಯರು ಅಂತರ ಹೆಚ್ಚಿಸಿ ಡ್ರಿಪ್ ಮುಂದುವರಿಸಿದ್ದಾರೆ. ಭಾರ ಮರಳಿದ ಆ ವಾರದಲ್ಲೂ ಅಮ್ಮನಿಗೆ ಮಾಡುವ ಕರೆ ಎರಡು ದಿನವಷ್ಟೇ ತಪ್ಪಿತ್ತು. ಅಣ್ಣನಿಗೆ ಏನು ಹೇಳುವುದೆಂದು ಈಗ ಬರೆಯುತ್ತಿದ್ದೇವೆ. ಮೊದಲ ಸಾಲು ಆಗಿದೆ.