ಇಂಗ್ಲೆಂಡಿನ ಮಳೆ-ಗಾಳಿಗೆ ಜಗ್ಗದ ಡ್ಯಾಫೋಡಿಲ್, ಹುಬ್ಬಳ್ಳಿಯ ಮಳೆಗಾಲಕ್ಕೆ ಯಾಕೆ ನಿಲ್ಲಬಾರದು?

ನೀವು ಕೇಳಿದ್ದು ಇಷ್ಟು: ಲೀಡ್ಸ್‌ನಲ್ಲಿರುವ ಮಗಳು ಹಿತ್ತಲಿನ ಹಳದಿ ಡ್ಯಾಫೋಡಿಲ್ ಹೂಗಳ ವಿಡಿಯೊ ಕಳಿಸಿದ್ದಾಳೆ, ರಾತ್ರಿಯೆಲ್ಲ ಗಾಳಿ-ಮಳೆ ಬಡಿದರೂ ಬೆಳಿಗ್ಗೆ ಹೂ ನಿಂತೇ ಇದ್ದವು. ಇಷ್ಟು ಗಟ್ಟಿ ಗಿಡ ಹುಬ್ಬಳ್ಳಿಯ ನಮ್ಮ ಅಂಗಳದ ಮಳೆಗಾಲ ತಡೆಯಬೇಕಲ್ಲ, ಗಡ್ಡೆ ತರಿಸಲೇ?

ನೆಲಕ್ಕೆ ಹಾಕುವುದಕ್ಕಾದರೆ ತರಿಸಬೇಡಿ. ಕುಂಡದಲ್ಲಿ ಒಂದು ಹಂಗಾಮಿನ ಮಟ್ಟಿಗೆ ಅರಳಿಸಬಹುದು, ಅದನ್ನೂ ಹೇಳುತ್ತೇನೆ. ಆದರೆ ನಮ್ಮ ಮಳೆ ಜೋರು, ಅವರ ಮಳೆ ಮೆತ್ತಗೆ ಅನ್ನುವುದು ಇದಕ್ಕೆ ಕಾರಣವಲ್ಲ. ಈ ಗಿಡಕ್ಕೆ ಎಷ್ಟು ಮಳೆ ಬಿತ್ತು ಅನ್ನುವುದಕ್ಕಿಂತ ಯಾವಾಗ ಬಿತ್ತು ಅನ್ನುವುದೇ ಮುಖ್ಯ.

ಮೊದಲು ಗಾಳಿಯ ವಿಷಯ, ಅದು ನನಗೆ ಬಹಳ ಇಷ್ಟವಾದದ್ದು. ನಾನು ಧಾರವಾಡದವಳು, ಮಗನ ಮನೆ ವೇಲ್ಸ್‌ನಲ್ಲಿ. ಅಲ್ಲಿ ಮಾರ್ಚ್ 1ರ ಸೇಂಟ್ ಡೇವಿಡ್ ದಿನ ಜನ ಇದೇ ಹೂವನ್ನು ಅಂಗಿಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅಲ್ಲಿದ್ದಾಗ ಗಿಡದ ಹತ್ತಿರವೇ ಕೂತು ನೋಡಿದ್ದೇನೆ. ಹೂವಿನ ದಂಟನ್ನು ಎರಡು ಬೆರಳಲ್ಲಿ ಹಿಡಿದರೆ ಅದು ದುಂಡಗಿಲ್ಲ, ಸ್ವಲ್ಪ ಚಪ್ಪಟೆ ಅನ್ನುವುದು ತಿಳಿಯುತ್ತದೆ. ಎರಡೂ ಬದಿಗೆ ಸಣ್ಣ ಏಣು ಕೈಗೆ ಹತ್ತುತ್ತದೆ. ಒಳಗೆ ಟೊಳ್ಳು. ತುದಿಯಲ್ಲಿ ಕಂದು ಬಣ್ಣದ ಒಣ ಪೊರೆ, ಅದರೊಳಗಿಂದ ಗೇಣುದ್ದವೂ ಅಲ್ಲ, ಬೆರಳಿನ ಗೆಣ್ಣಿನಷ್ಟು ಕತ್ತು ಹೊರಟು, ಬಾಗಿ, ಹೂವನ್ನು ಪಕ್ಕಕ್ಕೆ ಮುಖಮಾಡಿ ಹಿಡಿದಿರುತ್ತದೆ. ಹೂ ದಂಟಿನ ನೆತ್ತಿಯ ಮೇಲೆ ಕೂತಿಲ್ಲ, ಒಂದು ಬದಿಗೆ ಚಾಚಿಕೊಂಡಿದೆ. ಹೀಗಾಗಿ ಗಾಳಿ ಹೂವಿಗೆ ಬಡಿದರೆ ದಂಟು ಬಾಗುವುದಕ್ಕಿಂತ ಮೊದಲು ತಿರುಚಿಕೊಳ್ಳುತ್ತದೆ. ಮಳೆ ಬಂದಾಗ ಬಯಲಲ್ಲಿ ನಿಂತ ದನ ಗಾಳಿಗೆ ಬೆನ್ನು ಕೊಡುವುದಿಲ್ಲವೇ, ಹಾಗೆ ಇಡೀ ಸಾಲಿನ ಹೂಗಳು ಒಂದೇ ದಿಕ್ಕಿಗೆ ಹೊರಳಿ ನಿಲ್ಲುತ್ತವೆ. ಇದನ್ನು ಅಳೆದು ನೋಡಿದವರೂ ಇದ್ದಾರೆ. ಶೆಲ್ಲಿ ಎಟ್ನಿಯರ್ ಮತ್ತು ಸ್ಟೀವನ್ ವೋಗೆಲ್ ಎಂಬ ವಿಜ್ಞಾನಿಗಳು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಗೆ ಎದುರಾಗಿದ್ದ ಹೂ ಹೀಗೆ ಬೆನ್ನು ತಿರುಗಿಸಿದರೆ ಅದರ ಮೇಲೆ ಬೀಳುವ ಗಾಳಿಯ ಎಳೆತ ಸುಮಾರು ಶೇ. 30ರಷ್ಟು ಇಳಿಯುತ್ತದೆ. ನಿಮ್ಮ ಮಗಳ ವಿಡಿಯೊವನ್ನು ಇನ್ನೊಮ್ಮೆ ನೋಡಿ, ಹೂಗಳ ಮುಖ ಯಾವ ಕಡೆ ಇದೆ ಅಂತ.

ಮಳೆಗೂ ಈ ಪಕ್ಕಕ್ಕಿರುವ ಮುಖವೇ ಕಾಪಾಡುತ್ತದೆ. ಹೂವಿನ ನಡುವಿನ ಬಟ್ಟಲು ಆಕಾಶಕ್ಕೆ ತೆರೆದಿಲ್ಲದ್ದರಿಂದ ನೀರು ತುಂಬುವುದಿಲ್ಲ. ಸುತ್ತು ಸುತ್ತಾಗಿ ಎಸಳಿರುವ ಡಬಲ್ ಜಾತಿಗಳ ಕಥೆ ಬೇರೆ. ಅವು ನೀರು ಹಿಡಿದು ಭಾರವಾಗಿ ನೆಲಕ್ಕೆ ಒರಗುತ್ತವೆ. ಗಾಳಿ ಹೆಚ್ಚಿರುವ ಊರಿನವರು 'ಟೇಟ್-ಅ-ಟೇಟ್'ನಂಥ ಗಿಡ್ಡ ಜಾತಿ ಹಾಕುವುದು ಅದಕ್ಕೇ. ಬರೀ ಬಾಗಿದ ದಂಟು ಬಿಸಿಲು ಬಂದ ಮೇಲೆ ಬಹುಮಟ್ಟಿಗೆ ಏಳುತ್ತದೆ; ಮಡಚಿಕೊಂಡು ಗೆರೆ ಬಿದ್ದದ್ದು ಏಳುವುದಿಲ್ಲ. ಅಂಥದ್ದನ್ನು ಕಿತ್ತು ನೀರಿನ ಲೋಟದಲ್ಲಿಡಲು ಮಗಳಿಗೆ ಹೇಳಿ, ಬೇರೆ ಹೂವಿನ ಜೊತೆ ಮಾತ್ರ ಬೇಡ. ಇದರ ದಂಟಿನ ಲೋಳೆಗೆ ಉಳಿದ ಹೂ ಬೇಗ ಬಾಡುತ್ತವೆ.

ಈಗ ನಮ್ಮ ಊರಿನ ತೊಡಕಿಗೆ ಬರೋಣ. ಡ್ಯಾಫೋಡಿಲ್‌ನ ಕಾಡು ಬಂಧುಗಳು ಹೆಚ್ಚಾಗಿ ಇರುವುದು ಸ್ಪೇನ್, ಪೋರ್ಚುಗಲ್ ಕಡೆ. ಅಲ್ಲಿ ಬೇಸಿಗೆ ಒಣ, ಚಳಿಗಾಲ ಹಸಿ. ಮಳೆ ಶುರುವಾದಾಗ ಬೇರು ಬಿಡುತ್ತದೆ, ಚಳಿ ಉಣ್ಣುತ್ತದೆ, ವಸಂತದಲ್ಲಿ ಅರಳುತ್ತದೆ, ಆಮೇಲೆ ಒಂದೂವರೆ ತಿಂಗಳು ಎಲೆಯಿಂದ ಗಡ್ಡೆಗೆ ಆಹಾರ ತುಂಬಿಕೊಂಡು ಎಲೆ ಒಣಗಿಸಿ ಮಲಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ನಿದ್ದೆ. ನಮ್ಮಲ್ಲಿ ಆ ನಾಲ್ಕು ತಿಂಗಳು ಅಂದರೆ ಮೃಗಶಿರಾದಿಂದ ಉತ್ತರೆಯವರೆಗಿನ ಮಳೆ! ನಿದ್ದೆಯಲ್ಲಿರುವ ಗಡ್ಡೆ ನೀರು ಕುಡಿಯುವುದಿಲ್ಲ, ಸುಮ್ಮನೆ ನೆನೆಯುತ್ತದೆ. ಇಂಗ್ಲೆಂಡಿನಲ್ಲೂ ಬೇಸಿಗೆಯಲ್ಲಿ ಮಳೆಯಾಗುತ್ತದೆ ನಿಜ, ಆದರೆ ಅಲ್ಲಿ ನೆಲ ತಂಪು. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಫ್ಯುಸೇರಿಯಂ ಎಂಬ ಬೂಷ್ಟು ಗಡ್ಡೆಯ ತಳದಿಂದ ಕೊಳೆ ಹತ್ತಿಸುತ್ತದೆ. ಅದರಲ್ಲೂ ಹುಬ್ಬಳ್ಳಿಯ ಎರಿ ಮಣ್ಣು. ಒಮ್ಮೆ ನೀರು ಹಿಡಿದರೆ ಬಿಡುವುದಿಲ್ಲ.

ಚಳಿಯದೂ ಕೊರತೆ. ದಂಟು ಉದ್ದವಾಗಿ ಮೇಲೆ ಬರಬೇಕಾದರೆ ಗಡ್ಡೆಗೆ 9 ಡಿಗ್ರಿಗಿಂತ ಕೆಳಗಿನ ತಂಪು 12ರಿಂದ 16 ವಾರ ಬೇಕು. ನಮ್ಮ ಡಿಸೆಂಬರ್ ರಾತ್ರಿ 13-14 ಡಿಗ್ರಿಗೆ ಇಳಿದರೂ ಮಧ್ಯಾಹ್ನ 29-30ಕ್ಕೆ ಏರುತ್ತದೆ. ಆ ಲೆಕ್ಕಕ್ಕೆ ಬರೀ ಎಲೆ ಬರುತ್ತದೆ, ಇಲ್ಲವೇ ಹೂ ಎಲೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ.

ಆದರೂ ಮನಸ್ಸು ತಡೆಯದಿದ್ದರೆ ಹೀಗೆ ಮಾಡಿ. ಸೆಪ್ಟೆಂಬರ್ ಮೊದಲ ವಾರ ಗಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಟ್ರೇಯಲ್ಲಿಡಿ. ಸೇಬು, ಬಾಳೆಹಣ್ಣು ಹತ್ತಿರ ಬರಕೂಡದು. ಹಣ್ಣು ಬಿಡುವ ಎಥಿಲೀನ್ ಗಾಳಿಗೆ ಗಡ್ಡೆಯೊಳಗಿನ ಮೊಗ್ಗು ಸಾಯುತ್ತದೆ. ಡಿಸೆಂಬರ್‌ನಲ್ಲಿ ಕುಂಡಕ್ಕೆ ಹಾಕಿ, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇಡಿ. ಇನ್ನೂ ಸುಲಭ ಬೇಕೆಂದರೆ ಪೇಪರ್‌ವೈಟ್ ಎಂಬ ಬಿಳಿ ಗೊಂಚಲಿನ ಜಾತಿ ತರಿಸಿ, ಅದಕ್ಕೆ ಚಳಿಯ ಹಂಗಿಲ್ಲ, ನಾಲ್ಕರಿಂದ ಆರು ವಾರಕ್ಕೆ ಹೂ. ಮುಂದಿನ ವರ್ಷವೂ ಅದೇ ಗಡ್ಡೆ ಅರಳುತ್ತದೆ ಅಂತ ಕಾಯಬೇಡಿ.

ನೆಲಕ್ಕೆ ಹಾಕುವುದಕ್ಕೆ ನಾನು ಹೇಳುವುದು ಡ್ಯಾಫೋಡಿಲ್‌ನ ಕುಟುಂಬದವೇ ಆದ, ನಮ್ಮ ಮಳೆಯ ಲೆಕ್ಕಕ್ಕೆ ಏಳುವ-ಮಲಗುವ ಗಿಡಗಳನ್ನು. ಎಲ್ಲಕ್ಕಿಂತ ಮೊದಲು ರೇನ್ ಲಿಲ್ಲಿ. ಬೇಸಿಗೆಯಲ್ಲಿ ಒಣಗಿ ಬಿದ್ದಿರುತ್ತದೆ, ಅಡ್ಡಮಳೆ ಒಂದು ಬಿದ್ದರೆ ಸಾಕು, ಕೆಲವೇ ದಿನದಲ್ಲಿ ನೆಲದಿಂದ ಮೊಗ್ಗು ಹೊರಡುತ್ತವೆ. ಗುಲಾಬಿ ಬಣ್ಣದ್ದು ಎಲ್ಲರ ಮನೆಯಲ್ಲಿದೆ. ನೀವು ಹಳದಿಯದು ಹುಡುಕಿ, ಡ್ಯಾಫೋಡಿಲ್‌ನ ಬಣ್ಣದ ಆಸೆ ತೀರುತ್ತದೆ. ಒಂದು ಹೂ ಎರಡು ದಿನ ಇದ್ದರೆ ಹೆಚ್ಚು, ಆದರೆ ಮಳೆ ಬಿಟ್ಟು ಬಿಟ್ಟು ಬಂದಂತೆ ಮತ್ತೆ ಮತ್ತೆ ಬರುತ್ತವೆ. ಗೇಣುದ್ದದ ಗಿಡ, ಗಾಳಿ ಮೇಲಿಂದ ಹೋಗಿಬಿಡುತ್ತದೆ. ಕಂಪೌಂಡ್ ಬದಿಗೆ ನೀರು ನಿಲ್ಲುವ ಜಾಗವಿದ್ದರೆ ಬಿಳಿ ಸ್ಪೈಡರ್ ಲಿಲ್ಲಿ. ಅದಕ್ಕೆ ಕಾಲು ಒದ್ದೆಯಾದರೂ ಚಿಂತೆಯಿಲ್ಲ. ನರ್ಸರಿಯವರು ಅಮರಿಲ್ಲಿಸ್ ಅನ್ನುವ ದೊಡ್ಡ ಕೆಂಪು ಹೂ, ಮೇ ತಿಂಗಳ ಚೆಂಡಿನಂಥ ಫುಟ್‌ಬಾಲ್ ಲಿಲ್ಲಿ ಎರಡೂ ಮುಂಗಾರಿಗೆ ಮೊದಲೇ ಅರಳಿ ಮುಗಿಸುತ್ತವೆ. ನಮ್ಮ ಅತ್ತೆಯವರು ಚಳಿಗಾಲದಲ್ಲಿ ಆ ಕುಂಡಗಳನ್ನು ಕಟ್ಟೆಯ ಬದಿಗೆ ಸರಿಸಿ, "ಅದಕ್ಕ ನಿದ್ದಿ ಹತ್ತೇತಿ, ನೀರ್ ಹಾಕಬ್ಯಾಡವಾ" ಅನ್ನುತ್ತಿದ್ದರು. ಗಡ್ಡೆ ಗಿಡದ ಬಗ್ಗೆ ನಾನು ಕಲಿತದ್ದರಲ್ಲಿ ದೊಡ್ಡ ಪಾಠ ಅದೇ. ಈ ಕುಟುಂಬದ್ದಲ್ಲದ ಸುಗಂಧರಾಜ ಹಾಕುವುದಾದರೆ ಕೋಲು ಕಟ್ಟಲೇಬೇಕು, ಇಲ್ಲದಿದ್ದರೆ ಶ್ರಾವಣದ ಗಾಳಿಗೆ ಉಳಿಯುವುದಿಲ್ಲ.

ಗಾಳಿ ಎಂದರೆ ನಮ್ಮ ಭಾಗದಲ್ಲಿ ಸಣ್ಣದಲ್ಲ. ಗದಗಿನ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಅದು ಬೀಸುವುದು ಪಡುವಣದಿಂದ. ಆದ್ದರಿಂದ ಮಡಿಯನ್ನು ಮನೆಯ ಮೂಡಣಕ್ಕೆ ಮಾಡಿ. ಗಟ್ಟಿ ಗೋಡೆಗಿಂತ ಗಿಡದ ಬೇಲಿ ಒಳ್ಳೆಯದು: ಗೋಡೆ ಹಾರಿದ ಗಾಳಿ ಆಚೆ ಸುಳಿಯಾಗಿ ಕೆಳಗೆ ಬಡಿಯುತ್ತದೆ, ಬೇಲಿ ಸ್ವಲ್ಪ ಬಿಟ್ಟು ಉಳಿದದ್ದರ ಜೋರು ಮುರಿಯುತ್ತದೆ. ಎರಿ ಮಣ್ಣಾದರೆ ಒಂದು ಅಡಿ ಎತ್ತರಿಸಿ ಮಸಾರಿ ಮಣ್ಣು, ಉಸುಕು, ಹಳೆಯ ತಿಪ್ಪೆಗೊಬ್ಬರ ಕಲಸಿ ಹಾಕಿ. ಸಣ್ಣ ಗಡ್ಡೆಗಳನ್ನು ಒಂದೊಂದೇ ದೂರ ದೂರ ಹಾಕಬೇಡಿ, ಗುಂಪಾಗಿ ಹಾಕಿದರೆ ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಯೂರಿಯಾ ಬೇಡವೇ ಬೇಡ, ಎಲೆ ಮೆತ್ತಗಾಗಿ ಮೊದಲ ಗಾಳಿಗೇ ಮಲಗುತ್ತದೆ. ಹೂ ಮುಗಿದ ಮೇಲೆ ಎಲೆ ಹಳದಿಯಾಗುವವರೆಗೆ ಕತ್ತರಿಸಬೇಡಿ. ಗಡ್ಡೆಗಳು ಬೇಕಾದರೆ ಸೆಪ್ಟೆಂಬರ್ ಸುಮಾರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಬಂದು ಹುಡುಕಿ, ಫಲಪುಷ್ಪ ಪ್ರದರ್ಶನವನ್ನೂ ನೋಡಬಹುದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡ್ಯಾಫೋಡಿಲ್ ಇರಲಿ, ಈ ಲಿಲ್ಲಿಗಳಿರಲಿ, ಎಲ್ಲದರ ಗಡ್ಡೆಯಲ್ಲೂ ಲೈಕೊರಿನ್ ಎಂಬ ವಿಷವಿದೆ, ತಿಂದರೆ ವಾಂತಿ-ಭೇದಿ. ನೋಡಲು ಥೇಟ್ ಉಳ್ಳಾಗಡ್ಡಿಯೇ. ಫ್ರಿಜ್ಜಿನಲ್ಲಿ ಇಡುವಾಗ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ, ಅಡುಗೆಗೆ ಬರುವವರಿಗೂ ಮನೆಯ ಮಕ್ಕಳಿಗೂ ಬಾಯಿಬಿಟ್ಟು ಹೇಳಿಡಿ.